ಸಣ್ಣ ಊರಲ್ಲಿ ಎರಡನೇ ಡಾಕ್ಟರು ಇದ್ದಾರಾ?

ಸಣ್ಣ ಊರಿಗೆ ಹೋಗಿ ಇದ್ದುಬಿಡೋಣ ಅನ್ನುವ ಮಾತು ಬಂದಾಗಲೆಲ್ಲ ಹರಟೆ ಒಂದೇ ದಾರಿ ಹಿಡಿಯುತ್ತದೆ. ಒಬ್ಬರು ಒಳ್ಳೆ ಗಾಳಿ, ಕಡಿಮೆ ಬಾಡಿಗೆ, ನೆಮ್ಮದಿ ಅನ್ನುತ್ತಾರೆ. ಇನ್ನೊಬ್ಬರು ಕೆಲಸ ಎಲ್ಲಿ ಸಿಗುತ್ತೆ, ಮಧ್ಯರಾತ್ರಿ ಎದೆ ನೋವು ಬಂದರೆ ಏನು ಮಾಡ್ತೀರಿ ಅಂತ ಕೇಳುತ್ತಾರೆ. ಇಬ್ಬರೂ ಹೇಳುವುದು ನಿಜವೇ. ಆದರೆ ಒಂದು ತಟ್ಟೆಯಲ್ಲಿ ಅನುಕೂಲ, ಇನ್ನೊಂದರಲ್ಲಿ ಅನಾನುಕೂಲ ಹಾಕಿ ತೂಗಲು ಹೋದರೆ ತಕ್ಕಡಿ ಎತ್ತಲೂ ವಾಲುವುದಿಲ್ಲ. ಯಾಕಂದ್ರೆ ಎರಡರ ಬೇರೂ ಒಂದೇ. ಸಣ್ಣ ಊರಲ್ಲಿ ಬೇಕಾದ್ದೆಲ್ಲ ಹೆಚ್ಚುಕಡಿಮೆ ಒಂದೊಂದು ಇರುತ್ತದೆ. ಎರಡನೆಯದು ಇರುವುದಿಲ್ಲ.

2020ರಲ್ಲಿ ಕೋವಿಡ್ ಬಂದು ಲಕ್ಷಾಂತರ ಜನ ಮನೆಯಲ್ಲೇ ಕೂತು ಕೆಲಸ ಮಾಡುವಂತಾದಾಗ ಈ ಪ್ರಶ್ನೆಗೆ ಹೊಸ ಜೀವ ಬಂತು. ಅಲ್ಲಿಯವರೆಗೆ ನಿವೃತ್ತಿಯ ಕನಸಾಗಿದ್ದದ್ದು ಮೂವತ್ತರ ಹರೆಯದವರ ಲೆಕ್ಕದ ಪುಸ್ತಕಕ್ಕೆ ಇಳಿಯಿತು. ಹಾಗಾಗಿ ಆ 'ಎರಡನೆಯದು' ಅಂದರೆ ಏನು, ಅದು ಇಲ್ಲದಿದ್ದರೆ ಏನಾಗುತ್ತದೆ ಅಂತ ಒಮ್ಮೆ ನೋಡೋಣ.

ಮೊದಲು ಸಣ್ಣ ಊರು ಅಂದರೆ ಎಷ್ಟು ಸಣ್ಣದು? ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2020ರಲ್ಲಿ ಒಪ್ಪಿದ ಅಳತೆಯ ಪ್ರಕಾರ, ಒತ್ತೊತ್ತಾಗಿ 50,000 ಜನ ಇದ್ದರೆ ಅದು ನಗರ. 5,000ದಿಂದ 50,000ದ ನಡುವಿನದು ಪಟ್ಟಣ. ಅಳತೆ ಸರಿಯೇ. ಆದರೆ ಆರು ಸಾವಿರದ ಊರಿಗೂ ನಲವತ್ತು ಸಾವಿರದ ಊರಿಗೂ ಒಂದೇ ಹೆಸರು ಇಟ್ಟರೆ ನಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಇವೆರಡರ ನಡುವಿನ ಅಂತರ ಎಲ್ಲಿದೆ ಅಂತ ತೋರಿಸುವ ಒಂದು ಲೆಕ್ಕ ಇದೆ.

ತಿಮೊಥಿ ಬ್ರೆಸ್ನಹನ್ ಮತ್ತು ಪೀಟರ್ ರೈಸ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 1991ರಲ್ಲಿ ಅಮೆರಿಕದ 202 ಒಂಟಿ ಊರುಗಳ ಲೆಕ್ಕ ಹಾಕಿದರು. ಒಂಟಿ ಅಂದರೆ ಹತ್ತಿರದಲ್ಲಿ ಬೇರೆ ಪೇಟೆ ಇಲ್ಲದ ಊರುಗಳು. ಒಬ್ಬ ಡಾಕ್ಟರು ಅಲ್ಲಿ ಬಂದು ಹೊಟ್ಟೆ ಹೊರೆದುಕೊಳ್ಳಲು ಎಷ್ಟು ಜನ ಇರಬೇಕು? ಸುಮಾರು 900. ಹಾಗಾದರೆ ಎರಡನೇ ಡಾಕ್ಟರು ಬರಲು ಅದರ ಎರಡರಷ್ಟು ಸಾಕು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಸಾಲುವುದಿಲ್ಲ. ಸುಮಾರು 3,500 ಜನ ಬೇಕು. ಟೈರ್ ಅಂಗಡಿಯದೂ ಹೆಚ್ಚುಕಡಿಮೆ ಅದೇ ಕತೆ. ಮೊದಲನೆಯದಕ್ಕೆ 500 ಜನ, ಎರಡನೆಯದಕ್ಕೆ 1,800. ಕಾರಣ ಸುಲಭ. ಒಬ್ಬನೇ ಇದ್ದಾಗ ಅವನು ಹೇಳಿದ್ದೇ ರೇಟು. ಇನ್ನೊಬ್ಬ ಬರುತ್ತಿದ್ದಂತೆ ಇಬ್ಬರಿಗೂ ಲಾಭ ಇಳಿಯುತ್ತದೆ. ಇಳಿದ ಲಾಭದಲ್ಲಿ ಅಂಗಡಿ ನಡೆಸಲು ತಲಾ ಇನ್ನಷ್ಟು ಗಿರಾಕಿಗಳು ಬೇಕು. ಅದಕ್ಕೇ ಮೊದಲನೆಯವನು ಬೇಗ ಬರುತ್ತಾನೆ, ಎರಡನೆಯವನು ತಡವಾಗಿ ಬರುತ್ತಾನೆ.

ಈ ಸಂಖ್ಯೆಗಳು ಆ ದೇಶದ್ದು, ಆ ಕಾಲದ್ದು. ಬೇರೆ ಕಡೆ 900ರ ಜಾಗದಲ್ಲಿ ಬೇರೇನೋ ಇರುತ್ತದೆ. ಆದರೆ ಎರಡನೆಯದು ಮೊದಲನೆಯದಕ್ಕಿಂತ ದುಬಾರಿ ಅನ್ನುವುದರ ಹಿಂದಿನ ತರ್ಕ ಎಲ್ಲಿ ಹೋದರೂ ಅದೇ. ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯವೂ ಹೊರಬಂತು. ನನಗೆ ಇಷ್ಟವಾದದ್ದು ಅದೇ. ಊರಲ್ಲಿ ಮೂರೋ ಐದೋ ಜನ ಆದ ಮೇಲೆ ಇನ್ನೊಬ್ಬರು ಬಂದರೆ ಪೈಪೋಟಿಯಲ್ಲಿ ಅಂಥ ವ್ಯತ್ಯಾಸ ಆಗುವುದಿಲ್ಲ. ಅಂದರೆ ಐದು ಜನ ಪ್ಲಂಬರ್‌ಗಳಿರುವ ಊರಿಗೂ ಐನೂರು ಜನರಿರುವ ನಗರಕ್ಕೂ ರೇಟಿನ ಮಟ್ಟಿಗೆ ದೊಡ್ಡ ಅಂತರ ಇಲ್ಲ. ನಿಜವಾದ ಕಂದಕ ಇರುವುದು ಒಂದು ಮತ್ತು ಎರಡರ ನಡುವೆ.

ನಮ್ಮಲ್ಲಿ 'ಹಾಳೂರಿಗೆ ಉಳಿದವನೇ ಗೌಡ' ಅನ್ನುವ ಗಾದೆ ಇದೆ. ಒಬ್ಬನೇ ಇರುವವನ ಮುಂದೆ ಗಿರಾಕಿಯ ಪಾಡು ಏನು ಅಂತ ಅರ್ಥ ಮಾಡಿಕೊಳ್ಳಲು ಇಷ್ಟು ಸಾಕು. ಆಲ್ಬರ್ಟ್ ಹರ್ಷ್‌ಮನ್ ಅನ್ನುವ ಅರ್ಥಶಾಸ್ತ್ರಜ್ಞ 1970ರಲ್ಲಿ ಇದನ್ನು ಇನ್ನೊಂದು ಕಡೆಯಿಂದ ನೋಡಿದರು. ಒಂದು ಅಂಗಡಿಯೋ ಶಾಲೆಯೋ ಹದಗೆಟ್ಟರೆ ನಮಗಿರುವುದು ಎರಡು ದಾರಿ. ಬಿಟ್ಟು ಹೋಗಬೇಕು, ಇಲ್ಲವೇ ಬಾಯಿ ಬಿಡಬೇಕು. ನಗರದಲ್ಲಿ ನಾವು ಬಿಟ್ಟು ಹೋಗುತ್ತೇವೆ. ಜಗಳ ಯಾಕೆ, ಪಕ್ಕದ ಬೀದಿಯಲ್ಲಿ ಇನ್ನೊಂದಿದೆ. ಸಣ್ಣ ಊರಲ್ಲಿ ಆ ದಾರಿ ಮುಚ್ಚಿದೆ. ಇನ್ನು ಬಾಯಿ ಬಿಡೋಣ ಅಂದರೆ ಅದಕ್ಕೂ ಒಂದು ತೊಡಕು.

ಹೀಗೊಂದು ಸಂದರ್ಭ ನೆನೆಸಿಕೊಳ್ಳಿ. ನಿಮ್ಮ ಮಗನಿಗೆ ಗಣಿತ ಹೇಳಿಕೊಡುವ ಮೇಷ್ಟ್ರು ಸರಿಯಾಗಿ ಪಾಠ ಮಾಡುತ್ತಿಲ್ಲ. ಹೋಗಿ ಹೇಳಬೇಕು. ಆದರೆ ಅವರ ಹೆಂಡತಿ ನಿಮ್ಮ ಮನೆ ಮಾಲಕಿ. ಅವರ ಭಾವ ಊರಿನ ಒಬ್ಬನೇ ಎಲೆಕ್ಟ್ರಿಶಿಯನ್. ಸಂಜೆ ವಾಕಿಂಗ್‌ಗೆ ನಿಮ್ಮ ಜೊತೆ ಬರುವವರು ಅದೇ ಮೇಷ್ಟ್ರು. ಈಗ ದೂರು ಕೊಟ್ಟರೆ ಅದು ಶಾಲೆಗಷ್ಟೇ ಮುಟ್ಟುವುದಿಲ್ಲ. ಬಾಡಿಗೆ ಕರಾರಿಗೂ, ಕೆಟ್ಟ ಫ್ಯಾನಿಗೂ, ಸಂಜೆಯ ವಾಕಿಂಗ್‌ಗೂ ಮುಟ್ಟುತ್ತದೆ. ನಗರದಲ್ಲಿ ಇವರು ನಾಲ್ಕು ಬೇರೆ ಬೇರೆ ಜನ. ಒಬ್ಬರ ಜೊತೆ ಕೆಟ್ಟರೆ ಉಳಿದ ಮೂವರಿಗೆ ಗೊತ್ತೂ ಆಗುವುದಿಲ್ಲ. ಸಣ್ಣ ಊರಲ್ಲಿ ಒಂದೇ ದಾರವನ್ನು ನಾಲ್ಕು ಕಡೆ ಕಟ್ಟಿರುತ್ತಾರೆ. ಒಂದು ಕಡೆ ಎಳೆದರೆ ನಾಲ್ಕೂ ಕಡೆ ಬಿಗಿಯುತ್ತದೆ. ಹಾಗಾಗಿ ಬಹಳ ಜನ ಸುಮ್ನೆ ಇದ್ದುಬಿಡುತ್ತಾರೆ. ಹೊರಗಿನವರು ಇದನ್ನು ನೋಡಿ 'ಇಲ್ಲಿ ಎಷ್ಟು ಶಾಂತಿ' ಅಂತ ಮೆಚ್ಚಿಕೊಳ್ಳುತ್ತಾರೆ. ಸ್ವಲ್ಪ ಮಟ್ಟಿಗೆ ಅದು ಶಾಂತಿಯೇ. ಉಳಿದದ್ದು ಹಲ್ಲು ಕಚ್ಚಿಕೊಂಡು ಇರುವುದು.

ಈಗ ಇದೇ ದಾರವನ್ನು ತಿರುಗಿಸಿ ನೋಡಿ. ಒಂದು ರಾತ್ರಿ ಕರೆಂಟ್ ಹೋಗುತ್ತದೆ, ಮನೆಯಲ್ಲಿ ಹಸುಗೂಸು ಇದೆ. ಆ ಎಲೆಕ್ಟ್ರಿಶಿಯನ್ ಹತ್ತು ಗಂಟೆಗೆ ಟಾರ್ಚ್ ಹಿಡಿದುಕೊಂಡು ಬರುತ್ತಾನೆ. ಯಾಕಂದ್ರೆ ಅವನಿಗೂ ನೀವು ಯಾರೋ ಒಬ್ಬ ಗಿರಾಕಿ ಅಲ್ಲ. ನಾಳೆ ನಿಮ್ಮ ಮುಖ ನೋಡಬೇಕು, ಭಾವನ ಮನೆಯಲ್ಲಿ ನಿಮ್ಮ ಹೆಸರು ಬರುತ್ತದೆ. ನಿಮಗೆ ಅವನನ್ನು ಬಿಟ್ಟು ಹೋಗಲು ಆಗದ ಹಾಗೆ, ಅವನಿಗೂ ನಿಮ್ಮಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸಣ್ಣ ಊರಿನ ಒಳ್ಳೆಯತನ ಅಂತ ನಾವು ಹಾಡಿ ಹೊಗಳುವುದರಲ್ಲಿ ಒಂದು ದೊಡ್ಡ ಪಾಲು ಇದು. ಅಲ್ಲಿಯ ಜನರ ಮನಸ್ಸು ಬೇರೆ ಮಣ್ಣಿನದು ಅಂತ ನನಗೆ ಅನ್ನಿಸುವುದಿಲ್ಲ. ರಾಬರ್ಟ್ ಲೆವಿನ್ ಅನ್ನುವ ಮನಶ್ಶಾಸ್ತ್ರಜ್ಞ 1990ರ ದಶಕದಲ್ಲಿ ಅಮೆರಿಕದ 36 ನಗರಗಳಲ್ಲಿ ಪೆನ್ನು ಬೀಳಿಸಿ, ಕುಂಟುವಂತೆ ನಟಿಸಿ, ಅಂಚೆಗೆ ಹಾಕದ ಕಾಗದವನ್ನು ದಾರಿಯಲ್ಲಿ ಬಿಟ್ಟು, ಯಾರು ನೆರವಿಗೆ ಬರುತ್ತಾರೆ ಅಂತ ನೋಡಿದರು. ಮಧ್ಯಮ ಗಾತ್ರದ ರೋಚೆಸ್ಟರ್ ಮೊದಲ ಸ್ಥಾನದಲ್ಲಿತ್ತು, ನ್ಯೂಯಾರ್ಕ್ ಕೊನೆಯಲ್ಲಿ. ಒತ್ತೊತ್ತಾಗಿ ಜನ ಇದ್ದಷ್ಟೂ ನೆರವು ಕಡಿಮೆ. ಅವೆಲ್ಲ ನಗರಗಳೇ. ಆದರೂ ಜನರ ಗುಣಕ್ಕಿಂತ ಜನಜಂಗುಳಿ ಹೆಚ್ಚು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಅದು ಒಂದು ಸುಳಿವು.

ಎರಡನೆಯದು ಇಲ್ಲದಿರುವುದರ ಇನ್ನೊಂದು ಲಾಭವನ್ನು ಬಹಳ ಜನ ಗಮನಿಸುವುದೇ ಇಲ್ಲ. ಅಲ್ಲಿ ನೀವೂ ಒಬ್ಬರೇ. ರೋಜರ್ ಬಾರ್ಕರ್ ಅನ್ನುವ ಮನಶ್ಶಾಸ್ತ್ರಜ್ಞ 1947ರಲ್ಲಿ ಅಮೆರಿಕದ ಕಾನ್ಸಸ್ ರಾಜ್ಯದ ಆಸ್ಕಲೂಸಾ ಅನ್ನುವ ಪುಟ್ಟ ಊರಲ್ಲಿ ಒಂದು ಕೇಂದ್ರವನ್ನೇ ತೆರೆದು, ಜನ ದಿನವಿಡೀ ಏನು ಮಾಡುತ್ತಾರೆ ಅಂತ ವರ್ಷಗಟ್ಟಲೆ ಬರೆದಿಟ್ಟರು. ಆಮೇಲೆ ಅದೇ ರಾಜ್ಯದ ದೊಡ್ಡ ಶಾಲೆ, ಸಣ್ಣ ಶಾಲೆಗಳನ್ನು ಹೋಲಿಸಿ ನೋಡಿದರು. ದೊಡ್ಡ ಶಾಲೆಯಲ್ಲಿ ನಾಟಕ, ತಂಡ, ಸಂಘ ಎಲ್ಲ ಜಾಸ್ತಿ ಇದ್ದವು. ಆದರೆ ಮಕ್ಕಳ ಸಂಖ್ಯೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಹೆಚ್ಚಿನವರು ಕೂತು ನೋಡುವವರಾದರು. ಸಣ್ಣ ಶಾಲೆಯಲ್ಲಿ ಒಂದು ನಾಟಕ ಆಡಬೇಕಾದರೆ ಸಿಕ್ಕ ಸಿಕ್ಕವರನ್ನೆಲ್ಲ ಎಳೆದುಕೊಳ್ಳಬೇಕು. ನಾಚಿಕೆಯ ಹುಡುಗನಿಗೂ ಒಂದು ಪಾತ್ರ, ಓದಿನಲ್ಲಿ ಹಿಂದಿರುವವಳಿಗೂ ಒಂದು ಜವಾಬ್ದಾರಿ. ಬೇಡ ಅನ್ನುವ ಹಾಗಿಲ್ಲ, ಬದಲಿ ಯಾರೂ ಇಲ್ಲ. ದೊಡ್ಡವರಿಗೂ ಇದೇ ಅನ್ವಯ. ಸಣ್ಣ ಊರಿಗೆ ಹೋದ ಆರು ತಿಂಗಳಲ್ಲಿ ಓದು ಬರಹ ಬಲ್ಲವರನ್ನು ಯಾವುದೋ ಸಮಿತಿಯ ಕಾರ್ಯದರ್ಶಿ ಮಾಡಿ ಕೂರಿಸಿರುತ್ತಾರೆ. ಅದು ಹಿತ ಅನ್ನಿಸುವವರಿಗೆ ಸಣ್ಣ ಊರು ಒಗ್ಗುತ್ತದೆ. ಕಿರಿಕಿರಿ ಅನ್ನಿಸುವವರಿಗೆ ಒಗ್ಗುವುದು ಕಷ್ಟ.

ಗೆಳೆತನದಲ್ಲೂ ಒಂದು ವಿಚಿತ್ರ ಇದೆ. ನಗರದಲ್ಲಿ ತರಹೇವಾರಿ ಜನ ಇದ್ದಾರೆ, ಹಾಗಾಗಿ ತರಹೇವಾರಿ ಗೆಳೆಯರು ಸಿಗುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಾನ್ಸಸ್‌ನ ದೊಡ್ಡ ವಿಶ್ವವಿದ್ಯಾಲಯವನ್ನು ಅಲ್ಲಿಯ ಸಣ್ಣ ಕಾಲೇಜುಗಳ ಜೊತೆ ಹೋಲಿಸಿತು. ಆಗಿದ್ದು ತಿರುಗುಮುರುಗು. ದೊಡ್ಡ ಕ್ಯಾಂಪಸ್ಸಿನಲ್ಲಿ ಗೆಳೆಯರು ಒಬ್ಬರಿಗೊಬ್ಬರು ಹೆಚ್ಚು ಹೋಲುತ್ತಿದ್ದರು. ಸಾವಿರಾರು ಜನರ ನಡುವೆ ನಮ್ಮಂಥವರನ್ನೇ ಆರಿಸಿಕೊಳ್ಳಬಹುದು, ಆರಿಸಿಕೊಳ್ಳುತ್ತೇವೆ. ಸಣ್ಣ ಕಾಲೇಜಿನಲ್ಲಿ ಇದ್ದವರ ಜೊತೆಯೇ ಹೊಂದಿಕೊಳ್ಳಬೇಕು. ಅಲ್ಲಿ ಗೆಳೆಯರ ನಡುವೆ ಅಭಿಪ್ರಾಯದ ಅಂತರ ಜಾಸ್ತಿ ಇತ್ತು, ಗೆಳೆತನ ಇನ್ನಷ್ಟು ಹತ್ತಿರದ್ದು ಅಂತಲೂ ಅವರು ಹೇಳಿಕೊಂಡರು. ಕಾಲೇಜು ಬೇರೆ, ಊರು ಬೇರೆ. ಆದರೂ ಇದು ನನಗೆ ನಂಬುವಂಥದ್ದು ಅನ್ನಿಸುತ್ತದೆ. ಆಯ್ಕೆ ಇಲ್ಲದಾಗ ಎಪ್ಪತ್ತರ ಅಜ್ಜನೂ ಇಪ್ಪತ್ತೈದರ ಹುಡುಗನೂ ಒಂದೇ ಚೆಸ್ ಬೋರ್ಡಿನ ಮುಂದೆ ಕೂರುತ್ತಾರೆ.

ಆದರೆ ಯಾರ ಬದುಕು ಊರಿನ ಅಚ್ಚಿಗೆ ಕೂರುವುದಿಲ್ಲವೋ ಅವರಿಗೆ ಈ ಮಾತೆಲ್ಲ ಹಿತವಾಗಿ ಕೇಳುವುದಿಲ್ಲ. ಮದುವೆ ಬೇಡ ಅಂದವರು, ಮದುವೆ ಮುರಿದುಕೊಂಡವರು, ಊರಿನ ನಂಬಿಕೆ ತಮ್ಮದಲ್ಲ ಅನ್ನುವವರು. ಅವರಿಗೆ ಬೇಕಾದದ್ದೇ ಎರಡನೇ ಗುಂಪು. ಮಧ್ಯಯುಗದ ಜರ್ಮನಿಯಲ್ಲಿ ಪಟ್ಟಣದ ಗಾಳಿ ಮನುಷ್ಯನನ್ನು ಬಿಡುಗಡೆ ಮಾಡುತ್ತದೆ ಅನ್ನುವ ಮಾತಿತ್ತು. ಅದು ಬರೀ ಮಾತಾಗಿರಲಿಲ್ಲ. ಒಡೆಯನ ಹೊಲ ಬಿಟ್ಟು ಓಡಿಬಂದ ಜೀತದಾಳು ಒಂದು ವರ್ಷ ಒಂದು ದಿನ ಪಟ್ಟಣದ ಗೋಡೆಯೊಳಗೆ ಸಿಕ್ಕಿಬೀಳದೆ ಇದ್ದರೆ ಎಷ್ಟೋ ಕಡೆ ಅವನು ಸ್ವತಂತ್ರ ಅಂತ ಕಾನೂನೇ ಇತ್ತು. ಇವತ್ತಿಗೂ ಎಷ್ಟೋ ಜನ ಸಣ್ಣ ಊರು ಬಿಡುವುದು ಸಂಬಳಕ್ಕಾಗಿ ಅಲ್ಲ, ಯಾರೂ ತಮ್ಮನ್ನು ಗಮನಿಸದ ಬೀದಿಗಾಗಿ. ಔಷಧಿ ಅಂಗಡಿಯಲ್ಲಿ ಚೀಟಿ ಕೊಟ್ಟು ತಿರುಗುವಷ್ಟರಲ್ಲಿ ಹಿಂದೆ ನಿಂತವರು 'ಏನಾಯ್ತು, ಹುಷಾರಿಲ್ವಾ?' ಅಂತ ಕೇಳುವುದು ಒಬ್ಬರಿಗೆ ಪ್ರೀತಿ, ಇನ್ನೊಬ್ಬರಿಗೆ ಉಸಿರುಗಟ್ಟುವ ಕ್ಷಣ. ಚೀಟಿಯಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ಅದು ನಿಂತಿದೆ.

ಕೆಲಸದ ವಿಷಯಕ್ಕೆ ಬರೋಣ. ಇಲ್ಲಿ ಎರಡನೆಯದರ ಕೊರತೆ ನೇರವಾಗಿ ಜೇಬಿಗೆ ತಟ್ಟುತ್ತದೆ. ಕೆಲಸ ಕೊಡುವವನು ಒಬ್ಬನೇ ಆದಾಗ ಸಂಬಳ ಇಳಿಯುತ್ತದೆ ಅಂತ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ವಿವರಿಸಿದ್ದರು. ಅದರ ಜೊತೆಗೆ ಇನ್ನೊಂದು ಅಡ್ಡಿ ಇದೆ. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞ 1970ರ ದಶಕದ ಆರಂಭದಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಆ ಪರಿಚಯದವರನ್ನು ಎಷ್ಟು ಸಲ ನೋಡುತ್ತಿದ್ದಿರಿ ಅಂತ ಕೇಳಿದರು. ಆಗಾಗ ನೋಡುತ್ತಿದ್ದೆವು ಅಂದವರು ನೂರಕ್ಕೆ 17 ಮಂದಿ ಮಾತ್ರ. ಉಳಿದವರಿಗೆ ಕೆಲಸದ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆಯೋ ಅಪರೂಪಕ್ಕೋ ಸಿಗುವವರಿಂದ. ಹತ್ತಿರದ ಗೆಳೆಯರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ದೂರದವರಿಂದಲೇ ಬರಬೇಕು. ಸಣ್ಣ ಊರಲ್ಲಿ ಎಲ್ಲರೂ ಹತ್ತಿರದವರೇ. ಕಷ್ಟಕ್ಕೆ ಹತ್ತು ಜನ ಓಡಿ ಬರುತ್ತಾರೆ, ಆದರೆ ಹತ್ತೂ ಜನರಿಗೆ ಗೊತ್ತಿರುವುದು ಅದೇ ಒಂದು ಕೆಲಸ.

ಗಂಡ ಹೆಂಡತಿ ಇಬ್ಬರೂ ಓದಿದವರಾದರೆ ತೊಡಕು ಇಮ್ಮಡಿ. ಡೋರಾ ಕೋಸ್ಟಾ ಮತ್ತು ಮ್ಯಾಥ್ಯೂ ಕಾನ್ ಅನ್ನುವ ಅರ್ಥಶಾಸ್ತ್ರಜ್ಞರು 2000ದಲ್ಲಿ ತೋರಿಸಿದಂತೆ, ಅಮೆರಿಕದಲ್ಲಿ ಇಬ್ಬರೂ ಪದವಿ ಪಡೆದ ದಂಪತಿಗಳು 1940ರಿಂದ 1990ರ ನಡುವೆ ಹೆಚ್ಚು ಹೆಚ್ಚಾಗಿ ದೊಡ್ಡ ನಗರಗಳಲ್ಲಿ ಗುಂಪುಗೂಡಿದರು. ಒಬ್ಬರಿಗೆ ತಕ್ಕ ಕೆಲಸ ಸಣ್ಣ ಊರಲ್ಲೂ ಸಿಕ್ಕೀತು. ಇಬ್ಬರಿಗೂ ಒಂದೇ ಊರಲ್ಲಿ ಸಿಗುವುದು ಅದೃಷ್ಟದ ಮಾತು. ಸಾಮಾನ್ಯವಾಗಿ ಕೆಲಸ ಬಿಡುವವರು ಹೆಂಡತಿ. ಸಣ್ಣ ಊರಿನ ನೆಮ್ಮದಿಯ ಬಗ್ಗೆ ಗಂಡಸರು ಬರೆದದ್ದನ್ನು ಓದುವಾಗ ಇದನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ. ಈ ಬರಹವನ್ನೂ ಸೇರಿಸಿ.

ಮನೆಯಿಂದ ಕೆಲಸ ಮಾಡುವ ಸೌಲಭ್ಯ ಈ ಗಂಟನ್ನು ಬಿಚ್ಚಿತು ಅಂತ 2020ರಲ್ಲಿ ಎಲ್ಲರೂ ಅಂದುಕೊಂಡರು. ಅರ್ಧ ಬಿಚ್ಚಿದ್ದು ನಿಜ. ಆದರೆ ಆ ದಾರದ ತುದಿ ಇರುವುದು ಕಂಪನಿಯ ಕೈಯಲ್ಲಿ. ಅಮೆಜಾನ್ ತನ್ನ ಕಚೇರಿ ನೌಕರರಿಗೆ 2025ರ ಜನವರಿಯಿಂದ ವಾರಕ್ಕೆ ಐದೂ ದಿನ ಕಚೇರಿಗೆ ಬನ್ನಿ ಅಂತು. ಅಂಥ ಒಂದು ಮೇಲ್ ಬಂದ ದಿನ ನಗರದಲ್ಲಿರುವವನು ಗೊಣಗಿಕೊಂಡು ಬಸ್ಸು ಹತ್ತುತ್ತಾನೆ. ಸಣ್ಣ ಊರಲ್ಲಿ ಮನೆ ಕೊಂಡವನು ಮನೆ ಮಾರುವ ಯೋಚನೆ ಮಾಡಬೇಕು.

ಆ ಮನೆ ಮಾರುವುದೂ ಸುಲಭದ್ದಲ್ಲ. ಸಣ್ಣ ಊರಲ್ಲಿ ಮನೆ ಅಗ್ಗ ಅನ್ನುವುದನ್ನು ಎಲ್ಲರೂ ಲಾಭದ ಕಡೆ ಬರೆಯುತ್ತಾರೆ. ಅಗ್ಗ ಯಾಕೆ ಅಂತ ಕೇಳುವುದಿಲ್ಲ. ಕೊಳ್ಳಲು ಎರಡನೇ ಗಿರಾಕಿ ಇಲ್ಲ, ಅದಕ್ಕೇ ಅಗ್ಗ. ನೀವು ಕೊಳ್ಳುವ ದಿನ ಅದು ನಿಮಗೆ ಒಳ್ಳೆಯದು, ಮಾರುವ ದಿನ ಅದೇ ಕಾರಣ ನಿಮ್ಮ ಎದುರು ನಿಲ್ಲುತ್ತದೆ. ಇಟಲಿಯಲ್ಲಿ ಜನ ಖಾಲಿಯಾದ ಹಲವು ಊರುಗಳು ಹಳೆ ಮನೆಗಳನ್ನು ಒಂದು ಯೂರೋಗೆ ಮಾರಲು ಇಟ್ಟವು. ಸಿಸಿಲಿಯ ಸಂಬೂಕಾ 2019ರಲ್ಲಿ ಇದರಿಂದಲೇ ಜಗತ್ತಿನ ಸುದ್ದಿಯಾಯಿತು. ಒಂದು ಯೂರೋ ಬರೀ ಬಾಗಿಲು ತೆಗೆಯುವ ಬೆಲೆ, ದುರಸ್ತಿಯ ಖರ್ಚು ಬೇರೆ. ಜಪಾನಿನಲ್ಲಿ 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಸುಮಾರು 90 ಲಕ್ಷ ಮನೆಗಳು ಖಾಲಿ ಇದ್ದವು. ಹೆಚ್ಚುಕಡಿಮೆ ಏಳು ಮನೆಗೆ ಒಂದು. ಹಾಗಾಗಿ ಸಣ್ಣ ಊರಲ್ಲಿ ಬಾಡಿಗೆ ಮನೆ ಸಿಕ್ಕರೆ ಬಾಡಿಗೆಗೇ ಇರಿ ಅನ್ನುವುದು ನನ್ನ ಅಭಿಪ್ರಾಯ. ಕನಿಷ್ಠ ಎರಡು ವರ್ಷ.

ಓಡಾಟದ ಲೆಕ್ಕ ಬೇಗ ಮುಗಿಯುತ್ತದೆ. ಇಪ್ಪತ್ತು ಸಾವಿರ ಜನ, ಚದರ ಕಿಲೋಮೀಟರಿಗೆ ಐದು ಸಾವಿರದಂತೆ ಇದ್ದರೆ ಇಡೀ ಊರು ನಾಲ್ಕು ಚದರ ಕಿಲೋಮೀಟರು. ಈ ತುದಿಯಿಂದ ಆ ತುದಿಗೆ ಅರ್ಧ ಗಂಟೆಯ ನಡಿಗೆ. ದಿನಾ ಉಳಿಯುವ ಆ ಸಮಯ ನಿಜವಾದ ಲಾಭ. ಆದರೆ ಕಣ್ಣಿನ ಡಾಕ್ಟರು, ಲ್ಯಾಪ್‌ಟಾಪ್ ರಿಪೇರಿ ಅಂತ ತಿಂಗಳಿಗೆರಡು ಸಲ ದೊಡ್ಡ ಊರಿಗೆ ಹೋಗಬೇಕಾದರೆ ಅದರಲ್ಲಿ ಒಂದು ಪಾಲು ಕಳೆಯಿರಿ. ಆನ್‌ಲೈನ್ ಬಂದ ಮೇಲೆ ಎರಡನೇ ಅಂಗಡಿ ಸಿಕ್ಕಿದೆ, ಎರಡನೇ ಪುಸ್ತಕದಂಗಡಿ ಸಿಕ್ಕಿದೆ, ಟ್ಯೂಷನ್ ಕೂಡ ಸಿಕ್ಕಿದೆ. ಪೆಟ್ಟಿಗೆಯಲ್ಲಿ ಹಾಕಿ ಕಳಿಸಬಹುದಾದದ್ದು, ತಂತಿಯಲ್ಲಿ ಹರಿಯಬಹುದಾದದ್ದು ಎಲ್ಲ ಬಂದಿದೆ. ಎರಡನೇ ಪ್ಲಂಬರ್ ಬಂದಿಲ್ಲ. ಎರಡನೇ ಶಾಲೆಯೂ ಬಂದಿಲ್ಲ. ತರಗತಿಯಲ್ಲಿ ಮಗುವನ್ನು ನಾಲ್ವರು ಸೇರಿ ಗೋಳು ಹೊಯ್ದುಕೊಳ್ಳುತ್ತಿದ್ದರೆ ಬೇರೆ ಶಾಲೆಗೆ ಹಾಕುವ ದಾರಿ ಇಲ್ಲ. ಸಂಜೆ ಆಟದ ಮೈದಾನದಲ್ಲೂ ಅದೇ ನಾಲ್ವರು.

ಕೊನೆಗೆ ಆಸ್ಪತ್ರೆ. ಮೆದುಳಿನ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದರೆ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ಸ್ಕ್ಯಾನ್ ಮಾಡಲೇಬೇಕು. ಯಾಕಂದ್ರೆ ನಾಳ ಕಟ್ಟಿಕೊಳ್ಳದೆ ಒಡೆದಿದ್ದರೆ ಅದೇ ಔಷಧಿ ಜೀವ ತೆಗೆಯಬಹುದು. ಅಂದರೆ ಸ್ಕ್ಯಾನ್ ಯಂತ್ರ ಬೇಕು, ಅದನ್ನು ಓದುವವರು ಬೇಕು, ರಾತ್ರಿ ಎರಡಕ್ಕೂ ಬೇಕು. ಚಿಕಿತ್ಸೆ ಸಿಗದ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಇಂಥ ಯಂತ್ರ ಎಂಟು ಸಾವಿರದ ಊರಿಗೆ ಬರುವುದು ಕಷ್ಟ. ಇನ್ನು ದೊಡ್ಡ ಆಪರೇಷನ್‌ಗಳ ವಿಷಯದಲ್ಲಿ, ಅದನ್ನು ಹೆಚ್ಚು ಸಲ ಮಾಡುವ ಆಸ್ಪತ್ರೆಗಳಲ್ಲಿ ಸಾವು ಕಡಿಮೆ ಅಂತ 1979ರಷ್ಟು ಹಿಂದೆಯೇ ಗೊತ್ತಾಗಿದೆ. ಹಾಗಾಗಿ ಊರಲ್ಲೇ ಸರ್ಜನ್ ಇದ್ದರೂ ಕೆಲವದಕ್ಕೆ ದೊಡ್ಡ ಊರಿಗೇ ಹೋಗುವುದು ಜಾಣತನ.

ಇಲ್ಲಿ ಒಂದು ತಮಾಷೆಯ ತಿರುವು ಇದೆ, ನಗು ಬರುವಂಥದ್ದಲ್ಲ. ಜನ ಸಣ್ಣ ಊರಿನ ಕನಸು ಕಾಣುವುದು ಅರವತ್ತರ ನಂತರಕ್ಕೆ. ಸಂಬಳದ ಚಿಂತೆ ಮುಗಿಯುತ್ತದೆ, ಮಕ್ಕಳ ಶಾಲೆ ಮುಗಿದಿರುತ್ತದೆ, ಹಾಗಾಗಿ ಲೆಕ್ಕ ಸರಿಹೋಗುತ್ತದೆ ಅನ್ನಿಸುತ್ತದೆ. ಆದರೆ ಎರಡನೇ ಡಾಕ್ಟರ ಅಗತ್ಯ ಶುರುವಾಗುವುದೂ ಆಗಲೇ. ರಾತ್ರಿ ಹೊತ್ತು ಗಾಡಿ ಓಡಿಸಲು ಕಣ್ಣು ಒಪ್ಪದಿರುವುದೂ ಆಗಲೇ. ನನ್ನನ್ನು ಕೇಳಿದರೆ ಸಣ್ಣ ಊರಿಗೆ ಹೇಳಿಮಾಡಿಸಿದ ಕಾಲ ಅದಕ್ಕಿಂತ ಮೊದಲೇ ಬರುತ್ತದೆ. ಮಕ್ಕಳು ಬೀದಿಯಲ್ಲಿ ಒಂಟಿಯಾಗಿ ಸೈಕಲ್ ಹೊಡೆಯುವ ವಯಸ್ಸು, ನಮಗಿನ್ನೂ ಮೈಯಲ್ಲಿ ಕಸುವು ಇರುವ ವಯಸ್ಸು. ಕೆಲಸ ಅಡ್ಡ ಬರುವುದೂ ಆಗಲೇ ಅನ್ನುವುದು ಬೇರೆ ಮಾತು.

ಹಾಗಾಗಿ ಊರು ನೋಡಲು ಹೋದಾಗ ಕೆರೆ, ಗುಡ್ಡ, ಬಾಡಿಗೆ ಎಲ್ಲ ನೋಡಿ, ಅದರ ಜೊತೆಗೆ ಎಣಿಸಲೂ ಎಣಿಸಿ. ನಿಮಗೆ ಬೇಕೇ ಬೇಕಾದದ್ದು ಯಾವುದು ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಎಲ್ಲದರಲ್ಲೂ ಎರಡು ಬೇಕಿಲ್ಲ. ಒಂಟಿ ಬಾಳುವೆಯ ಬರಹಗಾರನಿಗೆ ಎರಡು ಶಾಲೆ ಯಾಕೆ? ಬಿ.ಪಿ. ಇರುವ ತಾಯಿಯ ಜೊತೆ ಹೋಗುವವರಿಗೆ ಎರಡು ಶಾಲೆಗಿಂತ ಎರಡು ಕ್ಲಿನಿಕ್ ಮುಖ್ಯ. ಒಂದು ಉಪಾಯ ಹೇಳುತ್ತೇನೆ. ಔಷಧಿ ಅಂಗಡಿಗೆ ಹೋಗಿ ಏನಾದರೂ ಸಣ್ಣದು ಕೊಂಡು, 'ನಿಮ್ಮ ಡಾಕ್ಟರು ರಜೆ ಹಾಕಿದ ದಿನ ನೀವೆಲ್ಲ ಎಲ್ಲಿಗೆ ಹೋಗ್ತೀರಿ?' ಅಂತ ಕೇಳಿ. ಅವರು ಹೇಳಿದ ಜಾಗಕ್ಕೆ ಒಂದು ಸಲ ಕತ್ತಲಾದ ಮೇಲೆ ಗಾಡಿಯಲ್ಲಿ ಹೋಗಿ ಬನ್ನಿ. ಹೊರಡುವಾಗ ಗಡಿಯಾರ ನೋಡಿಕೊಳ್ಳಿ.